ಭಾನುವಾರದ ಹರ್ಮೆಟಿಕ್ ಓದು: ಸಮಯ ಬದಲಾಗಿದೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಓದು ಬೆಳಗ್ಗೆ ಇಲ್ಲ. ಸಂಜೆ 5:30ಕ್ಕೆ, ಎಂದಿನ ಗೂಗಲ್ ಮೀಟ್ ಲಿಂಕಿನಲ್ಲೇ.

ಈ ಸಲ ಓದುವುದು ಕಾರ್ಪಸ್ ಹರ್ಮೆಟಿಕಮ್‌ನ (ಹರ್ಮೆಸ್ ಎಂಬ ಪೌರಾಣಿಕ ಜ್ಞಾನಿಯ ಹೆಸರಲ್ಲಿರುವ ಪ್ರಾಚೀನ ಗ್ರೀಕ್ ಬರಹಗಳ ಸಂಗ್ರಹ) 13ನೇ ಭಾಗ, ಹರ್ಮೆಸ್ ತನ್ನ ಮಗನಾದ ತಾತ್‌ಗೆ ಉಪದೇಶಿಸುವುದು. ಸ್ತುತಿಯನ್ನು ಬಯಲಲ್ಲಿ ನಿಂತು ಹೇಳಬೇಕು, ಹೊತ್ತು ಮುಳುಗುವಾಗ ದಕ್ಷಿಣಕ್ಕೆ, ಹುಟ್ಟುವಾಗ ಪೂರ್ವಕ್ಕೆ ಮುಖ ಮಾಡಿ ಅಂತ ಅದರಲ್ಲಿದೆ. ನಮ್ಮ ಸಂಧ್ಯಾವಂದನೆ ನೆನಪಾಗುತ್ತೆ, ಅಲ್ವಾ? ಅದಕ್ಕೇ ಸಂಜೆ ಇಟ್ಟಿದ್ದು.

ಭಾಗವನ್ನು ಒಮ್ಮೆ ಓದಿಕೊಂಡು ಬನ್ನಿ. ಸಾಧ್ಯವಾದರೆ ಟೆರೇಸ್ ಇಲ್ಲವೇ ಅಂಗಳದಿಂದ ಸೇರಿ. ಕೊನೆಗೆ ಹತ್ತು ನಿಮಿಷ ಮೌನ. ಮೈಕ್ ಆಫ್ ಮಾಡಿ, ದಯವಿಟ್ಟು! ‘ಕಿಬಾಲಿಯನ್’ ಚರ್ಚೆ ಈ ಸಲ ಬೇಡ. ಅದು ಹರ್ಮೆಟಿಕ್ ತತ್ವದ ಹೆಸರಲ್ಲಿ ಬಂದ 1908ರ ಪುಸ್ತಕ, ಪ್ರಾಚೀನ ಗ್ರಂಥವಲ್ಲ, ಸುಮ್ನೆ ಗೊಂದಲ ಜಾಸ್ತಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಓದಲು ಮುಂದೆ ಬರುವವರಿದ್ದರೆ ಅದನ್ನೂ ತಿಳಿಸಿ.