ಮಗಳಿಗೆ: ಯಾರ ಕೈಲಿ ಏನಿದೆ ಅಂತ ಮೊದ್ಲು ನೋಡು

ಪುಟ್ಟೀ,

ಕಾಸ್ಟ್ ಸೆಂಟರ್, ಪ್ರಾಫಿಟ್ ಸೆಂಟರ್ ಎಲ್ಲಾ ಓದ್ತಾ ಓದ್ತಾ ಕಲಸುಮೇಲೋಗರ ಆಗ್ತಿದೆ ಅಂದ್ಯಲ್ಲ, ಅದಕ್ಕೇ ಬರೀತಿದೀನಿ. ಡೆಫಿನಿಷನ್ ಬಾಯಿಪಾಠ ಮಾಡ್ಬೇಡ ಕಣೇ, ಕಂಪನಿಯ ಒಂದು ವಿಭಾಗ ಯಾವ ಸೆಂಟರ್ ಅಂತ ತಿಳಿಯೋಕೆ ಅದರ ಮ್ಯಾನೇಜರ್ ಕೈಲಿ ಏನೇನಿದೆ ಅಂತ ಕೇಳ್ಕೋ ಸಾಕು.

ಖರ್ಚು ಮಾತ್ರ ಕೈಲಿದ್ರೆ ಕಾಸ್ಟ್ ಸೆಂಟರ್. ಅಸೆಂಬ್ಲಿ ವಿಭಾಗದಲ್ಲಿ ಒಂದು ಪೀಸ್‌ಗೆ ಇಷ್ಟು ಮೆಟೀರಿಯಲ್, ಇಷ್ಟು ಗಂಟೆ ಅಂತ ಸ್ಟ್ಯಾಂಡರ್ಡ್ ಇಟ್ಟು ವೇರಿಯನ್ಸ್, ಅಂದ್ರೆ ಅದಕ್ಕೂ ನಿಜವಾಗಿ ಆಗಿದ್ದಕ್ಕೂ ಇರೋ ವ್ಯತ್ಯಾಸ, ನೋಡ್ಬಹುದು, ಆದ್ರೆ ರಿಸರ್ಚ್ ವಿಭಾಗ ಹಾಗಲ್ಲ, ಬಜೆಟ್ ಉಳಿಸಿದ್ರು ಅಂತ ಬೆನ್ನು ತಟ್ಟೋಕೆ ಹೋದ್ರೆ ಅವ್ರು ಕೆಲ್ಸಾನೇ ಕಮ್ಮಿ ಮಾಡಿರಬಹುದು. ಮಾರಾಟ ಮಾತ್ರ ನೋಡ್ಕೊಳ್ಳೋದು ರೆವಿನ್ಯೂ ಸೆಂಟರ್, ಖರ್ಚು, ಮಾರಾಟ ಎರಡೂ ಇದ್ರೆ ಪ್ರಾಫಿಟ್ ಸೆಂಟರ್.

ಮಷೀನ್ ತಗೋಬೇಕಾ, ಹೊಸ ಘಟಕ ಹಾಕ್ಬೇಕಾ ಅನ್ನೋ ತೀರ್ಮಾನಾನೂ ಅವ್ರದ್ದೇ ಆದ್ರೆ ಅದು ಇನ್ವೆಸ್ಟ್‌ಮೆಂಟ್ ಸೆಂಟರ್. ಇಲ್ಲಿ ಲಾಭ ಎಷ್ಟು ಅಂದ್ರೆ ಸಾಲಲ್ಲ, ಎಷ್ಟು ಬಂಡವಾಳ ಹಾಕಿ ಅಷ್ಟು ಬಂತು ಅನ್ನೋದೂ ಬೇಕು, ಅದಕ್ಕೇ ಬಂಡವಾಳದ ಮೇಲೆ ಶೇಕಡಾ ಎಷ್ಟು ಲಾಭ ಅಂತ ಹೇಳೋ ಆರ್‌ಒಐ. ಇಲ್ಲೇ ಒಂದು ಗುಂಡಿ ಇದೆ, ನಿಧಾನಕ್ಕೆ ನೋಡು. ಒಂದು ವಿಭಾಗದ ಬಂಡವಾಳ 100, ಲಾಭ 25, ಅಂದ್ರೆ ಆರ್‌ಒಐ 25%. ಹೊಸ ಪ್ರಾಜೆಕ್ಟ್‌ಗೆ 20 ಹಾಕಿದ್ರೆ 4 ಬರುತ್ತೆ, 20%. ಕಂಪನಿಗೆ ಬಂಡವಾಳದ ವೆಚ್ಚ (ಆ ದುಡ್ಡು ಹೊಂದಿಸೋಕೆ ಆಗೋ ಖರ್ಚು) 12% ಮಾತ್ರ, ಹಾಗಾಗಿ ಕಂಪನಿಗೆ ಇದು ಲಾಭಾನೇ, ಆದ್ರೆ ಒಟ್ಟು 120ಕ್ಕೆ 29 ಆಗಿ ಆರ್‌ಒಐ ಸುಮಾರು 24.2%ಗೆ ಇಳಿಯುತ್ತೆ, ಬೋನಸ್ ಆರ್‌ಒಐ ಮೇಲಿದ್ರೆ ಮ್ಯಾನೇಜರ್ ಬೇಡ ಅಂತಾರೆ! ರೆಸಿಡ್ಯುಯಲ್ ಇನ್ಕಮ್, ಅಂದ್ರೆ ಲಾಭದಲ್ಲಿ ಬಂಡವಾಳದ ವೆಚ್ಚ ಕಳೆದು ಉಳಿದಿದ್ದು, ಹಾಕಿ ನೋಡು, ಮೊದ್ಲು 25ರಲ್ಲಿ 12 ಕಳೆದು 13, ಆಮೇಲೆ 29ರಲ್ಲಿ 14.4 ಕಳೆದು 14.6, ಜಾಸ್ತಿ ಆಯ್ತಲ್ಲ. ತಪ್ಪು ಮ್ಯಾನೇಜರ್‌ದಲ್ಲ, ಅಳತೆದು.

ಹೆಡ್ ಆಫೀಸ್ ಖರ್ಚನ್ನ ಹಂಚಿ ಎಲ್ಲಾ ವಿಭಾಗದ ತಲೆಗೂ ಕಟ್ತಾರೆ, ವಿಭಾಗ ಮುಂದುವರಿಸ್ಬೇಕಾ ಅಂತ ಯೋಚಿಸುವಾಗ ಅದೂ ಗೊತ್ತಿರ್ಲಿ, ಆದ್ರೆ ಅದನ್ನ ಹಿಡ್ಕೊಂಡು ಮ್ಯಾನೇಜರ್‌ನ ಬೈಯೋದು ಅನ್ಯಾಯ ಅಂತ ನಂಗೆ ಬಲವಾಗಿ ಅನ್ಸುತ್ತೆ, ಅವ್ರ ಕೈಲಿ ಇಲ್ಲದ್ದಕ್ಕೆ ಅವ್ರು ಹೇಗೆ ಉತ್ತರ ಕೊಡ್ತಾರೆ ಹೇಳು.

ಇನ್ನೊಂದು ಮರೀಬೇಡ. ಮೆಟೀರಿಯಲ್ ರೇಟ್ ಜಾಸ್ತಿ ಆದ್ರೆ ಸಾಮಾನ್ಯವಾಗಿ ಪರ್ಚೇಸ್‌ನವ್ರನ್ನ ಕೇಳ್ತೀವಿ. ಆದ್ರೆ ಪ್ರೊಡಕ್ಷನ್‌ನವ್ರು ಕೊನೇ ಗಳಿಗೆಲಿ ಅರ್ಜೆಂಟ್ ಅಂದಿದ್ದಕ್ಕೆ ವಿಮಾನದಲ್ಲಿ ತರಿಸಿದ್ರೆ ಆ ಹೆಚ್ಚುವರಿ ಖರ್ಚು ಪ್ರೊಡಕ್ಷನ್ ಲೆಕ್ಕಕ್ಕೇ ಹೋಗ್ಬೇಕು. ಎಕ್ಸಾಮಲ್ಲಿ ಇಂಥದ್ದು ಬಂದ್ರೆ ಬಿಲ್ ಯಾರ ಹೆಸರಲ್ಲಿದೆ ಅಂತ ನೋಡ್ಬೇಡ, ಆರ್ಡರ್ ಯಾಕೆ ಲೇಟಾಯ್ತು ಅಂತ ನೋಡು.

ನಿನ್ನ ಅಮ್ಮ