ಟ್ರಕ್ ಆಮೇಲೆ, ಮನೆ ಮೊದಲು

ಚಿ. ಸುಹಾಸನಿಗೆ,

ಮಾವನ ಆಶೀರ್ವಾದಗಳು. ಟೆಕ್ಸಸ್‌ನ ಪ್ಲೇನೋದ ಮನೆಯ ಲೀಸ್ ಮುಗಿದ ಮೇಲೆ ಮೇಘಾ, ಪುಟ್ಟಿ, ನಾನು ಮೂವರೂ ಆರ್‌ವಿಯಲ್ಲೇ, ಅಂದರೆ ಪಿಕಪ್ ಟ್ರಕ್ಕಿಗೆ ಸಿಕ್ಕಿಸಿ ಎಳೆಯುವ ಟ್ರೇಲರ್ ಮನೆಯಲ್ಲೇ, ಇರುತ್ತೇವೆ ಎಂದು ಬರೆದಿದ್ದೀಯ. ಅಷ್ಟರಲ್ಲಿ ನಿಮ್ಮಮ್ಮನೂ ಶಿವಮೊಗ್ಗದಿಂದ ಫೋನ್ ಮಾಡಿದ್ದಳು. "ಮಗು ಕಟ್ಕೊಂಡು ಲಾರೀಲಿ ಸಂಸಾರ ಮಾಡ್ತಾರಂತೆ, ನೀನಾದ್ರೂ ಬುದ್ಧಿ ಹೇಳು" ಅಂದಳು. ಬುದ್ಧಿ ಹೇಳುವುದು ಇದೆ. ಆದರೆ ಹೋಗಬೇಡ ಎಂದಲ್ಲ. ರಿಟೈರ್ ಆದ ಮೇಲೆ ನಾನೂ ನಿಮ್ಮತ್ತೆಯೂ ಹೀಗೇ ಬದುಕುತ್ತಿರುವಾಗ ಯಾವ ಬಾಯಲ್ಲಿ ಬೇಡ ಎನ್ನಲಿ?

ಯಾವ ಟ್ರಕ್ ತೆಗೆದುಕೊಳ್ಳಲಿ ಎಂದು ಕೇಳಿದ್ದೀಯ. ನನ್ನ ತಕರಾರು ಅಲ್ಲೇ. ಟ್ರಕ್ಕಿನ ವಿಚಾರ ಆಮೇಲಿನದು. ಯಾವ ಟ್ರೇಲರ್‌ನಲ್ಲಿ ವಾಸ ಮಾಡುತ್ತೀರಿ ಎಂದು ಮೊದಲು ಗಟ್ಟಿ ಮಾಡಿಕೊಳ್ಳಿ. ಪೂರ್ತಿ ತುಂಬಿದಾಗ ಅದು ಎಷ್ಟು ತೂಗುತ್ತದೆ ನೋಡಿ. ಆ ತೂಕ ತಾಳುವ ಟ್ರಕ್ಕನ್ನು ಹುಡುಕಿ. ಜಾಸ್ತಿ ಜನ ಉಲ್ಟಾ ಮಾಡುತ್ತಾರೆ. ಕಣ್ಣಿಗೆ ಚೆಂದ ಕಂಡ ಟ್ರಕ್ ಮೊದಲು ಬರುತ್ತದೆ, ಆಮೇಲೆ ಮನಸ್ಸಿಗೆ ಹಿಡಿಸಿದ ಟ್ರೇಲರ್. ಎರಡಕ್ಕೂ ಹೊಂದುವುದಿಲ್ಲ. ಕೊನೆಗೆ ಹೊಸ ಟ್ರಕ್ಕನ್ನೇ ನಷ್ಟಕ್ಕೆ ಮಾರುತ್ತಾರೆ.

ಫೋರ್ಡ್‌ನ ಎಫ್-150 ಪಿಕಪ್ ನೋಡಿ ಬಂದೆ, 13,000 ಪೌಂಡ್ ಎಳೆಯುತ್ತದೆ ಎಂದು ಸೇಲ್ಸ್‌ನವನು ಹೇಳಿದ ಎಂದು ಬರೆದಿದ್ದೀಯ. ಅವನು ಸುಳ್ಳು ಹೇಳಿಲ್ಲ. ತಕ್ಕ ಎಂಜಿನ್, ತಕ್ಕ ಆಕ್ಸಲ್, ಟೋಯಿಂಗ್ ಪ್ಯಾಕೇಜ್ ಇದ್ದರೆ ಎಳೆಯುತ್ತದೆ. ಆದರೆ ಆ ಸಂಖ್ಯೆಯನ್ನು ಕಂಪನಿಯವರು ಹಾಕುವಾಗ ಟ್ರಕ್ಕಿನಲ್ಲಿ ತಲಾ 150 ಪೌಂಡಿನ ಇಬ್ಬರು ಕೂತಿದ್ದಾರೆ ಎಂದು ಲೆಕ್ಕ. ಪುಟ್ಟಿ, ಅವಳ ಕಾರ್ ಸೀಟು, ನಿನ್ನ ಟೂಲ್ ಬಾಕ್ಸ್ ಅದರಲ್ಲಿ ಸೇರಿಲ್ಲ.

ನೀನು ನೋಡಬೇಕಾದ ಸಂಖ್ಯೆ ಬೇರೆ ಇದೆ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಬಿಳಿ-ಹಳದಿ ಬಣ್ಣದ ಒಂದು ಸ್ಟಿಕರ್ ಇರುತ್ತದೆ. ಜನ, ಸಾಮಾನು ಎಲ್ಲ ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತಾರೆ. ಅದೇ ಪೇಲೋಡ್. ಒಂದೇ ಮಾಡೆಲ್, ಒಂದೇ ವರ್ಷದ್ದಾದರೂ ಟ್ರಕ್ಕಿನಿಂದ ಟ್ರಕ್ಕಿಗೆ ಈ ಸಂಖ್ಯೆ ಬದಲಾಗುತ್ತದೆ. ಸನ್‌ರೂಫ್, ಫೋರ್ ವೀಲ್ ಡ್ರೈವ್, ದೊಡ್ಡ ದೊಡ್ಡ ಸೀಟು ಸೇರಿದಷ್ಟೂ ಕಡಿಮೆ. ಹಾಗಾಗಿ ಬ್ರೋಷರ್ ಓದುತ್ತಾ ಕೂರಬೇಡ, ಬಾಗಿಲು ತೆಗೆದು ನೋಡು. ಟ್ರೇಲರ್ ಸಿಕ್ಕಿಸಿದಾಗ ಅದರ ಮುಂಭಾಗದ ತೂಕ ಟ್ರಕ್ಕಿನ ಬೆನ್ನ ಮೇಲೆ ಕೂರುತ್ತದೆ, ಅದೂ ಈ ಪೇಲೋಡ್‌ಗೇ ಸೇರಬೇಕು. ಎಳೆಯುವ ಶಕ್ತಿ ಇನ್ನೂ ಬೇಕಾದಷ್ಟು ಉಳಿದಿರುವಾಗಲೇ ಹೊರುವ ಶಕ್ತಿ ಮುಗಿದುಹೋಗುತ್ತದೆ. ಈ ಪತ್ರದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡ.

ಎಷ್ಟು ಕೂರುತ್ತದೆ ಅನ್ನುವುದು ಟ್ರೇಲರ್ ಯಾವುದು ಅನ್ನುವುದರ ಮೇಲೆ. ಬಂಪರ್ ಕೆಳಗಿನ ಹಿಚ್‌ಗೆ, ಅಂದರೆ ಕೊಂಡಿಗೆ, ಸಿಕ್ಕಿಸುವ ಟ್ರಾವೆಲ್ ಟ್ರೇಲರ್ ಆದರೆ ಅದರ ತೂಕದ 10ರಿಂದ 15 ಪರ್ಸೆಂಟ್. ಟ್ರಕ್ಕಿನ ಬೆಡ್ ಒಳಗೆ, ಅಂದರೆ ಹಿಂದಿನ ಸಾಮಾನು ತುಂಬುವ ತೊಟ್ಟಿಯೊಳಗೆ, ಹಿಂದಿನ ಆಕ್ಸಲ್ ಮೇಲೆ ಕೂರುವ ಫಿಫ್ತ್ ವೀಲ್ ಆದರೆ 20 ಪರ್ಸೆಂಟ್ ಎಂದು ಹಿಡಿ, ಕೆಲವು 25ರ ತನಕ ಹೋಗುತ್ತವೆ. ಮುಂದಿನ ತೂಕ ಕಡಿಮೆ ಮಾಡೋಣ ಎಂದು ಸಾಮಾನೆಲ್ಲ ಹಿಂದಕ್ಕೆ ತುಂಬಲು ಹೋಗಬೇಡ. ಊರಲ್ಲಿ ಎತ್ತಿನ ಗಾಡಿ ನೋಡಿದ್ದೀಯಲ್ವಾ? ಹಿಂದೆ ಭಾರ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ, ಮುಂದೆ ಜಾಸ್ತಿಯಾದರೆ ಎತ್ತಿನ ಕತ್ತಿನ ಮೇಲೆ ಬೀಳುತ್ತದೆ. ಗಾಡಿ ಹೊಡೆಯುವವನು ಮೂಟೆ ಹಿಂದೆ ಮುಂದೆ ಸರಿಸಿ ಹದ ಮಾಡಿಕೊಳ್ಳುತ್ತಾನೆ. ಟ್ರಾವೆಲ್ ಟ್ರೇಲರ್‌ದೂ ಅದೇ ಕಥೆ. ಮುಂದೆ ಹಗುರವಾದರೆ ಹೈವೇ ವೇಗದಲ್ಲಿ ಅದರ ಹಿಂಭಾಗ ಅತ್ತಿತ್ತ ತೂಗಾಡಲು ಶುರುವಾಗುತ್ತದೆ. ಹಾಗೇನಾದರೂ ಆದರೆ ಗಾಬರಿಯಾಗಿ ಟ್ರಕ್ಕಿನ ಬ್ರೇಕ್ ಒತ್ತಬೇಡ. ಆಕ್ಸಿಲರೇಟರ್ ಬಿಡು, ಸ್ಟಿಯರಿಂಗ್ ನೆಟ್ಟಗೆ ಹಿಡಿ, ಬ್ರೇಕ್ ಕಂಟ್ರೋಲರ್‌ನಿಂದ ಟ್ರೇಲರ್‌ನ ಬ್ರೇಕ್ ಮಾತ್ರ ಹಾಕು. ಅದರ ಲಿವರ್ ಎಲ್ಲಿದೆ ಎಂದು ಕಣ್ಣು ಮುಚ್ಚಿದರೂ ಕೈಗೆ ಗೊತ್ತಿರಬೇಕು.

ಈಗ ನೀವು ಇಷ್ಟಪಟ್ಟಿರುವ ಫಿಫ್ತ್ ವೀಲ್‌ನ ಲೆಕ್ಕ ನೋಡೋಣ. ಖಾಲಿ ತೂಕ 11,300 ಪೌಂಡ್ ಎಂದು ಬರೆದಿದ್ದೀಯ. ಆ ಸಂಖ್ಯೆ ಬಿಟ್ಟುಬಿಡು, ಖಾಲಿ ಟ್ರೇಲರ್‌ನಲ್ಲಿ ಯಾರೂ ಸಂಸಾರ ಮಾಡುವುದಿಲ್ಲ. ತುಂಬಿದಾಗಿನ ಮಿತಿ, ಅಂದರೆ ಜಿವಿಡಬ್ಲ್ಯೂಆರ್, 14,000. ವಾರಾಂತ್ಯಕ್ಕೆ ಹೋಗಿ ಬರುವವರು ಆ ಮಿತಿ ಮುಟ್ಟದೇ ಇರಬಹುದು. ನೀವು ಮುಟ್ಟುತ್ತೀರಿ. 14,000ದ 20 ಪರ್ಸೆಂಟ್ 2,800. ಹಿಚ್ 200. ನೀವು ಮೂವರು, ಪುಟ್ಟಿಯ ಸೀಟು ಸೇರಿ 350. ಟೂಲ್ಸ್, ಜಾಕ್, ಸಣ್ಣ ಜನರೇಟರ್ 250. ಒಟ್ಟು 3,600.

ಡೀಸೆಲ್ ಎಂಜಿನ್ನಿನ ಎಷ್ಟೋ ಎಫ್-250ಗಳ ಸ್ಟಿಕರ್ 2,000ದಿಂದ 2,500ರ ಒಳಗೇ ಇರುತ್ತದೆ. ನೋಡಲು ಆನೆ ಥರ ಇದ್ದರೂ ನಿಮ್ಮ ಮನೆ ಹೊರಲು ಆಗುವುದಿಲ್ಲ. ಅದರ ಪಕ್ಕದಲ್ಲೇ ನಿಂತಿರುವ ಎಫ್-350 ಹೆಚ್ಚು ಕಡಿಮೆ ಅದೇ ಟ್ರಕ್, ಅದೇ ಎಂಜಿನ್, ಬೆಲೆಯಲ್ಲೂ ಅಂಥ ದೊಡ್ಡ ವ್ಯತ್ಯಾಸ ಇಲ್ಲ. ಸ್ಟಿಕರ್ ಮಾತ್ರ 3,500ರಿಂದ 4,000ದ ಹತ್ತಿರ. ರ‍್ಯಾಮ್, ಶೆವರ್ಲೆಯಲ್ಲೂ 2500 ಮತ್ತು 3500 ಮಾಡೆಲ್‌ಗಳ ನಡುವೆ ಹೀಗೇ. ಹಿಂದೆ ನಾಲ್ಕು ಚಕ್ರದ ಡ್ಯೂಲಿ ಆದರೆ 5,000 ದಾಟುತ್ತದೆ. ನಿಮ್ಮ 3,600ಕ್ಕೆ ಎಫ್-350 ಅಂಚಿನಲ್ಲೇ ನಿಲ್ಲುತ್ತದೆ, ನಿಜವಾಗಿ ಬೇಕಾದ್ದು ಡ್ಯೂಲಿ.

ಆದರೆ ಡ್ಯೂಲಿ ತಗೋ ಎಂದು ನಾನು ಹೇಳುವುದಿಲ್ಲ. ಟ್ರೇಲರ್ ನಿಲ್ಲಿಸಿದ ಮೇಲೆ ಅದೇ ಟ್ರಕ್ಕಿನಲ್ಲಿ ತರಕಾರಿ ತರಬೇಕು, ಪುಟ್ಟಿಯನ್ನು ಡಾಕ್ಟರ್ ಹತ್ತಿರ ಕರೆದೊಯ್ಯಬೇಕು. ಅಷ್ಟು ಅಗಲದ ಗಾಡಿ ಇಟ್ಟುಕೊಂಡು ಪಾರ್ಕಿಂಗ್ ಹುಡುಕುವುದು ದಿನದಿನದ ಗೋಳು. ಲೈಸೆನ್ಸಿನ ವಿಚಾರವೂ ಇದೆ. ಡ್ಯೂಲಿಯ ಮಿತಿ 14,000, ಟ್ರೇಲರ್ 14,000, ಸೇರಿ 28,000. ಟೆಕ್ಸಸ್‌ನಲ್ಲಿ ಈ ಜೋಡಿ 26,000 ದಾಟಿದರೆ ಸ್ವಂತ ಬಳಕೆಗೂ ಕ್ಲಾಸ್ ಎ ಲೈಸೆನ್ಸ್ ಬೇಕು, ಕಮರ್ಷಿಯಲ್ ಅಲ್ಲದ್ದು. ಅದರ ಬದಲು ಮನೆಯನ್ನೇ ಸ್ವಲ್ಪ ಚಿಕ್ಕದು ಮಾಡಿಕೊಳ್ಳಿ. ಜಿವಿಡಬ್ಲ್ಯೂಆರ್ 12,000 ಇರುವ ಫಿಫ್ತ್ ವೀಲ್ ನೋಡಿ. ಮುಂಭಾಗದ ತೂಕ 2,400ಕ್ಕೆ ಇಳಿಯುತ್ತದೆ, ಒಟ್ಟು 3,200. ಸ್ಟಿಕರ್‌ನಲ್ಲಿ 3,700ಕ್ಕೆ ಮೇಲಿರುವ ಎಫ್-350 ಅಥವಾ ಅದರ ಸಮದ ಯಾವುದಾದರೂ ಸಿಂಗಲ್ ವೀಲ್ (ಹಿಂದೆ ಎರಡೇ ಚಕ್ರದ) ಟ್ರಕ್ ಸಾಕು, ಸ್ವಲ್ಪ ಉಸಿರಾಡುವ ಜಾಗವೂ ಉಳಿಯುತ್ತದೆ. ಮೂವರಿಗೆ 40 ಅಡಿಯ ಬಂಗಲೆ ಯಾಕೆ?

ಉದ್ದ ಕಡಿಮೆಯಾದರೆ ಇನ್ನೊಂದು ಲಾಭ. ನ್ಯಾಷನಲ್ ಪಾರ್ಕ್‌ಗಳ ಹಳೆಯ ಕ್ಯಾಂಪ್‌ಗ್ರೌಂಡ್‌ಗಳನ್ನು ಇಷ್ಟು ಉದ್ದದ ಟ್ರೇಲರ್‌ಗಾಗಿ ಕಟ್ಟಿಲ್ಲ. ಗ್ಲೇಸಿಯರ್ ಪಾರ್ಕ್ ನೋಡಬೇಕೆಂದು ಮೇಘಾ ಆಸೆ ಪಟ್ಟಿದ್ದಾಳಲ್ಲ, ಅಲ್ಲಿನ ಗೋಯಿಂಗ್-ಟು-ದಿ-ಸನ್ ರಸ್ತೆಯ ಬೆಟ್ಟದ ಭಾಗದಲ್ಲಿ 21 ಅಡಿಗಿಂತ ಉದ್ದದ, ಕನ್ನಡಿ ಸೇರಿ 8 ಅಡಿಗಿಂತ ಅಗಲದ ಗಾಡಿ ಬಿಡುವುದಿಲ್ಲ. 8 ಅಡಿ ಬೆಡ್ಡಿನ, ನಾಲ್ಕು ಬಾಗಿಲಿನ ಕ್ರೂ ಕ್ಯಾಬ್ ಟ್ರಕ್ ಒಂದೇ 22 ಅಡಿ ಇರುತ್ತದೆ. ಟ್ರೇಲರ್ ಬಿಚ್ಚಿಟ್ಟು ಹೋದರೂ ಬಿಡಲ್ಲ! ಹಾಗಂತ ಆರೂವರೆ ಅಡಿಯ ಬೆಡ್ ತಗೊಂಡರೆ ಇಕ್ಕಟ್ಟಿನ ತಿರುವಿನಲ್ಲಿ ಫಿಫ್ತ್ ವೀಲ್‌ನ ಮೂಲೆ ಕ್ಯಾಬಿನ ಹಿಂದಿನ ಗಾಜಿಗೆ ತಾಗುವ ಭಯ. ಅದಕ್ಕೆ ಹಿಂದೆ ಸರಿಯುವ ಸ್ಲೈಡಿಂಗ್ ಹಿಚ್ ಬೇಕು. ನನ್ನ ಓಟು 8 ಅಡಿ ಬೆಡ್ಡಿಗೇ. ಗ್ಲೇಸಿಯರ್‌ನಲ್ಲಿ ಅಲ್ಲಿನ ಶಟಲ್ ಬಸ್ಸೋ ಬಾಡಿಗೆ ಕಾರೋ ನೋಡಿಕೊಂಡರಾಯಿತು.

ಡೀಸೆಲ್ಲೋ ಪೆಟ್ರೋಲೋ ಅನ್ನುವ ಜಗಳಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ಡೀಸೆಲ್‌ಗೆ ಸುಮಾರು 10,000 ಡಾಲರ್ ಜಾಸ್ತಿ, ಎಂಜಿನ್ನೇ ಭಾರವಾದ್ದರಿಂದ ಪೇಲೋಡ್ ಕಡಿಮೆ, ಸರ್ವಿಸ್ ದುಬಾರಿ. ಆದರೂ ಬೆಟ್ಟ ಹತ್ತುವ ಯೋಚನೆ ಇದ್ದರೆ ಅದನ್ನೇ ತಗೋ. ಡೆನ್ವರ್‌ನಿಂದ ಪಶ್ಚಿಮಕ್ಕೆ ಐ-70 ಹೆದ್ದಾರಿಯಲ್ಲಿ ಹೋದರೆ ಐಸೆನ್‌ಹೋವರ್ ಸುರಂಗ ಸಿಗುತ್ತದೆ, 11,000 ಅಡಿಗಿಂತ ಎತ್ತರ. ಟರ್ಬೋ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು 3 ಪರ್ಸೆಂಟ್ ಶಕ್ತಿ ಕಳೆದುಕೊಳ್ಳುತ್ತದೆ. ಅಲ್ಲಿಗೆ ಮುಟ್ಟುವಾಗ ಮೂರನೇ ಒಂದು ಭಾಗ ಹೋಗಿರುತ್ತದೆ. ನಿಧಾನವಾಗಿ ಹತ್ತಿದರೆ ಏನೂ ಆಗುವುದಿಲ್ಲ, ಹಿಂದಿನವರು ಕಾಯಲಿ ಬಿಡು. ಇಳಿಯುವಾಗಲೇ ನಿಜವಾದ ಕಷ್ಟ. 7 ಪರ್ಸೆಂಟ್ ಇಳಿಜಾರಿನಲ್ಲಿ ಆರು ಟನ್ ಮನೆ ಹಿಂದಿನಿಂದ ತಳ್ಳುತ್ತಿರುತ್ತದೆ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಬ್ರೇಕ್ ಕಾದು ಹಿಡಿಯುವುದನ್ನೇ ಬಿಡುತ್ತದೆ. ಡೀಸೆಲ್ ಟ್ರಕ್ಕಿನ ಎಕ್ಸಾಸ್ಟ್ ಬ್ರೇಕ್ ಅಲ್ಲಿ ಎಂಜಿನ್ನಿನಿಂದಲೇ ವೇಗ ಹಿಡಿದಿಡುತ್ತದೆ. ನಾನು ದುಡ್ಡು ಕೊಟ್ಟಿದ್ದು ಅದಕ್ಕೇ, ಹತ್ತುವ ಗತ್ತಿಗಲ್ಲ.

ಟ್ರೇಲರ್ ಒಳಗೆ ಹೋದಾಗ ಸೋಫಾ, ಟಿವಿ, ಬೆಂಕಿಗೂಡು ನೋಡಿ ಮರುಳಾಗಬೇಡಿ. ಅಲ್ಲಿಯೂ ಬಾಗಿಲ ಹತ್ತಿರ ಹಳದಿ ಸ್ಟಿಕರ್ ಇರುತ್ತದೆ, ಎಷ್ಟು ಸಾಮಾನು ತುಂಬಬಹುದು ಎಂದು. ಕೆಲವು ದೊಡ್ಡ ಟ್ರೇಲರ್‌ಗಳಲ್ಲಿ ಅದು 1,500 ಪೌಂಡೂ ಇರುವುದಿಲ್ಲ. ಒಂದು ಗ್ಯಾಲನ್ ನೀರು 8.3 ಪೌಂಡ್. 60 ಗ್ಯಾಲನ್ ಟ್ಯಾಂಕ್ ತುಂಬಿದರೆ ಅಲ್ಲಿಗೇ 500 ಹೋಯಿತು. ಉಳಿದ 1,000ದಲ್ಲಿ ಬಟ್ಟೆ, ಹಾಸಿಗೆ, ಪುಟ್ಟಿಯ ಆಟದ ಸಾಮಾನು, ನಿಮ್ಮಿಬ್ಬರ ಆಫೀಸು, ಆಮೇಲೆ ನಮ್ಮ ಅಡುಗೆಮನೆ. ವೆಟ್ ಗ್ರೈಂಡರ್, ಎರಡು ಕುಕ್ಕರ್, 20 ಪೌಂಡಿನ ಸೋನಾ ಮಸೂರಿ ಚೀಲ, ರಾಗಿ ಹಿಟ್ಟು, ಬೇಳೆಗಳು. ಮೇಘಾ ಗ್ರೈಂಡರ್ ಬಿಟ್ಟು ಬರುವವಳಲ್ಲ, ಬಿಡಲೂಬಾರದು. ಹಾಗಾಗಿ 2,500ಕ್ಕೆ ಕಡಿಮೆ ಇರುವುದನ್ನು ನೋಡಲೇಬೇಡಿ.

ಒಲೆಯ ಮೇಲಿನ ಫ್ಯಾನ್ ಹೊಗೆಯನ್ನು ಹೊರಗೆ ಬಿಡುತ್ತದೋ ಅಥವಾ ಸುಮ್ನೆ ಒಳಗೇ ಸುತ್ತಿಸುತ್ತದೋ ಕೈಯಿಟ್ಟು ನೋಡಿ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ ಅರ್ಧ ಗಂಟೆಗೆ ನಿನಗೆ ಮೀಟಿಂಗ್ ಇದ್ದರೆ ಕೆಮ್ಮುತ್ತಲೇ ಮಾತಾಡಬೇಕಾಗುತ್ತದೆ. ಕರೆಂಟ್ 50 ಆಂಪ್‌ದೇ ಇರಲಿ. 30 ಆಂಪ್‌ನಲ್ಲಿ ಸಿಗುವುದು 3,600 ವಾಟ್, 50 ಆಂಪ್‌ನಲ್ಲಿ 12,000. ಟೆಕ್ಸಸ್ ಆಗಸ್ಟಿನಲ್ಲಿ ಎರಡು ಎಸಿ ಓಡದಿದ್ದರೆ ಆ ಡಬ್ಬಿಯೊಳಗೆ ಕೂರಲಾಗದು.

ಟೈರ್ ಬಗ್ಗೆ ನಾನು ಸ್ವಲ್ಪ ಅತಿಯಾಗಿ ಹೇಳುತ್ತೇನೆ ಎಂದು ನಿಮ್ಮತ್ತೆ ನಗುತ್ತಾಳೆ. ನಗಲಿ. ಟ್ರೇಲರ್ ಟೈರ್ ಸವೆಯುವ ಮುಂಚೆ ವಯಸ್ಸಾಗಿ ಸಾಯುತ್ತದೆ. ಟೈರ್ ಪಕ್ಕದಲ್ಲಿ DOT ಎಂದು ಶುರುವಾಗುವ ನಂಬರಿನ ಕೊನೆಯ ನಾಲ್ಕು ಅಂಕಿ ನೋಡು. 2322 ಎಂದಿದ್ದರೆ 2022ರ 23ನೇ ವಾರ ಮಾಡಿದ್ದು. ಐದು ವರ್ಷ ದಾಟಿದ್ದನ್ನು ನಂಬಬೇಡ. ಎಷ್ಟೋ ಟ್ರೇಲರ್ ಟೈರ್‌ಗಳಿಗೆ ಗಂಟೆಗೆ 65 ಮೈಲಿಯೇ ಮಿತಿ, ರಸ್ತೆಯಲ್ಲಿ 75 ಎಂದು ಬೋರ್ಡ್ ಇದ್ದರೂ ಅದು ನಿನಗಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೇಲರ್ ಎಳೆಯುವವರಿಗೆ 55 ಅಷ್ಟೇ.

ಕೊಂಡು, ಸಾಮಾನು ತುಂಬಿದ ಮೇಲೆ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್‌ಗೆ, ಅಂದರೆ ಗಾಡಿ ತೂಗುವ ತಕ್ಕಡಿಗೆ, ಹತ್ತಿಸು. ಟ್ರಕ್ಕಿನ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಮೂರನ್ನೂ ಬೇರೆ ಬೇರೆ ತೂಗಿ ಚೀಟಿ ಕೊಡುತ್ತಾರೆ. ಆಮೇಲೆ ಅಂದಾಜಿನ ಮಾತೇ ಇಲ್ಲ.

ಹೊಸ ಟ್ರೇಲರ್ ಬೇಡ. ಎರಡು ಮೂರು ವರ್ಷ ಓಡಿದ್ದು ತಗೊಳ್ಳಿ. ಬೆಲೆ ಇಳಿದಿರುತ್ತದೆ, ಫ್ಯಾಕ್ಟರಿಯಲ್ಲಿ ಅವಸರದಲ್ಲಿ ಬಿಟ್ಟ ತಪ್ಪುಗಳನ್ನು ಮೊದಲಿನವರು ಸರಿಮಾಡಿಸಿರುತ್ತಾರೆ. ನಮ್ಮದು ಹೊಸದಿದ್ದಾಗ ನೀರು ಸೋರಿ ವಾರಂಟಿ ರಿಪೇರಿಗೆಂದು ಡೀಲರ್ ಅಂಗಳದಲ್ಲಿ ವಾರಗಟ್ಟಲೆ ಕೂತಿತ್ತು. ಮನೆಯೇ ರಿಪೇರಿಗೆ ಹೋದರೆ ಮಲಗುವುದೆಲ್ಲಿ? ಅದಲ್ಲದೆ ಪೂರ್ತಿ ಸಮಯ ವಾಸಕ್ಕೆ ಬಳಸಿದರೆ ಎಷ್ಟೋ ಕಂಪನಿಗಳ ವಾರಂಟಿ ನಡೆಯುವುದೇ ಇಲ್ಲ. ಇನ್ಶೂರೆನ್ಸ್ ಕೂಡ ಫುಲ್ ಟೈಮರ್ ಪಾಲಿಸಿಯನ್ನೇ ಕೇಳಿ ತಗೋ. ಡೀಲರ್‌ಗೆ ಸಂಬಂಧ ಇಲ್ಲದ ಇನ್‌ಸ್ಪೆಕ್ಟರ್ ಒಬ್ಬರಿಂದ ಚಾವಣಿ, ನೆಲ ಎಲ್ಲ ನೋಡಿಸು. ಆ ಫೀಸಿಗೆ ಜಿಪುಣತನ ಬೇಡ.

ವಿಳಾಸದ ವಿಚಾರ. ಗ್ರೀನ್ ಕಾರ್ಡ್ ಬಂದಿದ್ದಕ್ಕೆ ಈ ಯೋಚನೆ ಸಾಧ್ಯವಾಗಿದೆ. ಎಚ್-1ಬಿ ವೀಸಾದಲ್ಲಿ ಕೆಲಸದ ಜಾಗ ಅರ್ಜಿಗೆ ಕಟ್ಟುಬಿದ್ದಿರುತ್ತದೆ. ಈಗಲೂ ವಿಳಾಸ ಬದಲಾದರೆ 10 ದಿನದೊಳಗೆ ಎಆರ್-11 ಫಾರ್ಮ್ ತುಂಬಬೇಕು. ಸಿಟಿಜನ್‌ಶಿಪ್ ಅರ್ಜಿ ಹಾಕುವ ಮುಂಚೆ ಒಂದೇ ರಾಜ್ಯದಲ್ಲಿ ಮೂರು ತಿಂಗಳ ವಾಸವೂ ಕಾಣಬೇಕು. ಟೆಕ್ಸಸ್ ವಿಳಾಸವನ್ನೇ ಉಳಿಸಿಕೊಳ್ಳಿ, ಅಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸೂ ಇಲ್ಲ. ಲಿವಿಂಗ್‌ಸ್ಟನ್ ಊರಿನ ಎಸ್ಕೇಪೀಸ್‌ನಂಥ ಸಂಸ್ಥೆಗಳು ಆರ್‌ವಿಯವರ ಟಪಾಲು ನೋಡಿಕೊಳ್ಳುತ್ತವೆ. ಬೇರೆ ರಾಜ್ಯದಲ್ಲಿ ಕೂತು ಕೆಲಸ ಮಾಡುವುದಕ್ಕೆ ನಿಮ್ಮಿಬ್ಬರ ಕಂಪನಿಗಳ ಒಪ್ಪಿಗೆ ಬರಹದಲ್ಲಿ ಇರಲಿ. ಇಮಿಗ್ರೇಷನ್ ವಕೀಲರನ್ನೂ ಒಮ್ಮೆ ಕೇಳು, ಇದರಲ್ಲಿ ಮಾವನ ಮಾತು ಸಾಲದು.

ಮೇಘಾಳೂ ಡ್ರೈವ್ ಮಾಡುವುದು ಕಲಿಯಬೇಕು, ರಿವರ್ಸ್ ಸಮೇತ. ನಿನಗೆ ಜ್ವರ ಬಂದ ದಿನ ಟ್ರಕ್ ಅವಳ ಕೈಯಲ್ಲೇ ಇರುತ್ತದೆ. ಖಾಲಿ ಪಾರ್ಕಿಂಗ್ ಲಾಟ್‌ನಲ್ಲಿ ಇಬ್ಬರೂ ಅಭ್ಯಾಸ ಮಾಡಿ. ಒಬ್ಬರು ಹಿಂದೆ ನಿಂತು ದಾರಿ ತೋರಿಸುವಾಗ ಕೂಗಾಡಬೇಡಿ, ಫೋನಿನಲ್ಲೇ ಮಾತಾಡಿಕೊಳ್ಳಿ. ಅದಕ್ಕೂ ಮುಂಚೆ ಒಂದು ಟ್ರೇಲರ್ ಬಾಡಿಗೆಗೆ ತಗೊಂಡು ಎರಡು ವಾರ ಆಫೀಸ್ ಕೆಲಸ, ಅಡುಗೆ, ಪುಟ್ಟಿಯ ಹಟ ಎಲ್ಲ ಅದರೊಳಗೇ ನಡೆಸಿ ನೋಡಿ. ರಜೆಯಲ್ಲಿ ಅಲ್ಲ, ಕೆಲಸದ ದಿನಗಳಲ್ಲಿ.

ಮುಂಗಡ ಕೊಡುವ ಮುಂಚೆ ಟ್ರಕ್‌ದೂ ಟ್ರೇಲರ್‌ದೂ ಸ್ಟಿಕರ್ ಫೋಟೋ ತೆಗೆದು ನನಗೆ ಕಳಿಸು. ಸೇಲ್ಸ್‌ನವನು ಇವತ್ತೇ ಕೊನೆಯ ದಿನ ಎಂದರೂ ಒಂದು ರಾತ್ರಿ ತಡಿ. ಲೆಕ್ಕ ನಾನೂ ಒಮ್ಮೆ ಹಾಕಿ ಫೋನ್ ಮಾಡುತ್ತೇನೆ.

ಇಂತಿ,
ನಿನ್ನ ಮಾವ