ನೀನು ಕೂರದ ಬೆಂಚು

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಅಕ್ಷರಗಳನ್ನು ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆದಿದ್ದೇನೆ. ಒತ್ತಕ್ಷರ ಬಂದಲ್ಲಿ ನೀನು ತಡವರಿಸುತ್ತೀ ಎಂದು ಗೊತ್ತು. ನಿಧಾನಕ್ಕೆ ಕೂಡಿಸಿ ನೀನೇ ಓದು, ಅಳಿಯಂದಿರ ಕೈಯಲ್ಲಿ ಓದಿಸಬೇಡ.

"ಆ ಶಾಲೆ ಅಷ್ಟು ಒಳ್ಳೆಯದಿದ್ದರೆ ನನ್ನನ್ನು ಯಾಕೆ ಅಲ್ಲಿಗೆ ಹಾಕಲಿಲ್ಲ?" ಎಂದು ಭಾನುವಾರ ಕೇಳಿ ಬಾಗಿಲು ಎಳೆದುಕೊಂಡು ಹೋದೆ. ಮೇ 1ಕ್ಕೆ ಮಕ್ಕಳಿಗೆ ರಿಸಲ್ಟ್ ಕೊಟ್ಟ ಮೇಲೆ ನಾನು ಕಲಿಸಿದ ಮುಂಬಯಿಯ ಮುನಿಸಿಪಾಲಿಟಿ ಶಾಲೆಯಲ್ಲಿ ಕನ್ನಡದ ತರಗತಿ ಇರುವುದಿಲ್ಲ, ಕೊನೆಯ ದಿನ ನನ್ನ ಜೊತೆ ಬಾ ಎಂದಷ್ಟೇ ನಾನು ಹೇಳಿದ್ದು. ನೀನು ಕೇಳಿದ್ದು ತಪ್ಪಲ್ಲ. ಇದೇ ಪ್ರಶ್ನೆಯನ್ನು ಇಪ್ಪತ್ತೈದು ವರ್ಷದ ಹಿಂದೆ ಇನ್ನೊಬ್ಬಳು ಕೇಳಿದ್ದಳು. ಅವಳಿಗೆ ನಾನು ಸುಳ್ಳು ಹೇಳಿದೆ. ಅದನ್ನು ನಿನ್ನ ಅಪ್ಪನಿಗೂ ತಿಳಿಸಿಲ್ಲ.

ಜೂನ್ ತಿಂಗಳು. ನಿನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿ ಒಂದು ವಾರ ಆಗಿತ್ತು. ಪಟಸಂಖ್ಯೆ, ಅಂದರೆ ಹಾಜರಿ ಪುಸ್ತಕದ ಮಕ್ಕಳ ಲೆಕ್ಕ, ಕಡಿಮೆಯಾದರೆ ಒಂದು ತುಕಡಿ (ತರಗತಿಯ ಒಂದು ವಿಭಾಗ) ಹೋಗುತ್ತದೆ ಎಂದು ಶಾಲೆ ತಪಾಸಣೆಯ ಬೀಟ್ ಆಫೀಸರ್ ಹೇಳಿ ಹೋಗಿದ್ದರು. ಮಕ್ಕಳನ್ನು ಹುಡುಕಿಕೊಂಡು ಮಳೆಯಲ್ಲಿ ಝೋಪಡಪಟ್ಟಿಯ ಗುಡಿಸಲುಗಳನ್ನು ಸುತ್ತುತ್ತಿದ್ದೆ. ಅಲ್ಲಿ ಸಿಕ್ಕವಳು ಜೇವರ್ಗಿ ಕಡೆಯ ಹೆಂಗಸು, ಗಂಡಹೆಂಡತಿ ಇಬ್ಬರೂ ಕೂಲಿಯವರು ಸೇರುವ ನಾಕಾದಲ್ಲಿ ನಿಂತು ಬಿಗಾರಿ ಕೆಲಸಕ್ಕೆ, ಕಟ್ಟಡದ ಕೂಲಿಗೆ, ಹೋಗುವವರು. ನನ್ನ ಮಾತೆಲ್ಲ ಕೇಳಿಸಿಕೊಂಡು, "ಅಕ್ಕೋರ, ನಿಮ್ ಮಗಳು ಯಾವ್ ಸಾಲಿಗಿ ಹೋಗ್ತಾಳ್ರಿ?" ಎಂದಳು.

"ನಮ್ಮ ಶಾಲೆಗೇ" ಎಂದುಬಿಟ್ಟೆ.

ಅವಳು ಮತ್ತೆ ಏನೂ ಕೇಳಲಿಲ್ಲ. ಮರುದಿನವೇ ಮಗಳ ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ ಕರೆತಂದಳು. ಆ ಹುಡುಗಿ ಮೂರನೆಯ ಬೆಂಚಿನಲ್ಲಿ ಕೂತು ಪಕ್ಕದ ಜಾಗದ ಮೇಲೆ ಚೀಲ ಇಟ್ಟುಕೊಂಡಳು. ಬೇರೆ ಮಕ್ಕಳು ಕೂರಲು ಬಂದರೆ ಬಿಡಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ನಿಮ್ ಮಗಳು ಬರ್ತಾಳಲ್ರಿ" ಎಂದಳು. ಮೂರು ದಿನ ಹಾಗೇ ಜಾಗ ಹಿಡಿದಿದ್ದಳು. ನಾಲ್ಕನೆಯ ದಿನ ಚೀಲವನ್ನು ತಾನೇ ತೆಗೆದು ಕಾಲ ಬಳಿ ಇಟ್ಟುಕೊಂಡಳು. ನನ್ನನ್ನು ಏನೂ ಕೇಳಲಿಲ್ಲ. ತಾಯಿಗೆ ಹೇಳಿದಳೋ ಇಲ್ಲವೋ, ಆ ಹೆಂಗಸು ನನ್ನನ್ನು ಕಂಡಾಗಲೆಲ್ಲ ಮೊದಲಿನಂತೆಯೇ ಕೈ ಮುಗಿಯುತ್ತಿದ್ದಳು. ನಾನು ಆ ಓಣಿ ಬಿಟ್ಟು ಬೇರೆ ದಾರಿಯಲ್ಲಿ ಸ್ಟೇಷನ್ನಿಗೆ ಹೋಗತೊಡಗಿದೆ.

ನಿನ್ನನ್ನು ಅಲ್ಲಿಗೆ ಹಾಕದ್ದಕ್ಕೆ ಕಾರಣವಿತ್ತು. ನಮ್ಮಲ್ಲಿ ಏಳನೆಯವರೆಗೆ ಮಾತ್ರ, ಮುಂದೆ ಕನ್ನಡ ಹೈಸ್ಕೂಲಿಗೆ ಎರಡು ಲೋಕಲ್ ಬದಲಿಸಬೇಕು. ಹಗಲಿಡೀ ಹೋಟೆಲಿನಲ್ಲಿ ದುಡಿದು ಫೋರ್ಟಿನ ರಾತ್ರಿಶಾಲೆಯಲ್ಲಿ ಓದಿದ ನಿನ್ನ ಅಪ್ಪ, ನನ್ನ ಮಗಳಿಗೆ ಈ ಪಾಡು ಬೇಡ ಎಂದರು. ನನಗೂ ಹೆದರಿಕೆ ಇತ್ತು. ಬೇರೆಯವರ ಮಕ್ಕಳ ವಿಷಯದಲ್ಲಿ ಆ ಹೆದರಿಕೆ ನನಗೆ ಯಾಕೆ ಬರಲಿಲ್ಲ ಎಂಬುದನ್ನು ಈಗ ಯೋಚಿಸುತ್ತೇನೆ.

ಶಾಲೆಯ ಜನರಲ್ ರಿಜಿಸ್ಟರ್ ನೀನೊಮ್ಮೆ ನೋಡಬೇಕು. ಹುಟ್ಟೂರಿನ ಅಂಕಣದಲ್ಲಿ ಹಳೆಯ ಹಾಳೆಗಳ ತುಂಬ ಕಾಪು, ಕುಂದಾಪುರ, ಕಾರ್ಕಳ. ನಾನು ಸೇರುವಷ್ಟರಲ್ಲಿ ನಮ್ಮ ಕಡೆಯವರು ಮಕ್ಕಳನ್ನು ಇಂಗ್ಲಿಷಿಗೆ ಹಾಕಿ ಆಗಿತ್ತು, ಅದೇ ಅಂಕಣದಲ್ಲಿ ಅಫಜಲಪುರ, ಸಿಂದಗಿ, ಜೇವರ್ಗಿ. ಮನೆಯಲ್ಲಿ ತುಳು ಆಡುವ ನನಗೆ ಮೊದಲ ವರ್ಷ ಆ ಮಕ್ಕಳ ಕನ್ನಡ ಅರ್ಧ ತಿಳಿಯುತ್ತಿರಲಿಲ್ಲ. ಮುಂಬಯಿಯ ಕನ್ನಡಿಗರು 1926ರಲ್ಲೇ ಮೈಸೂರು ಅಸೋಸಿಯೇಶನ್ ಕಟ್ಟಿದರು, 1933ರಲ್ಲಿ ಕರ್ನಾಟಕ ಸಂಘ ಆಯಿತು. ಗಾರೆ ಮೆತ್ತಿದ ಕಾಲಿನವರು ಅಲ್ಲಿಗೆ ಹೋದದ್ದನ್ನು ನಾನು ಕಂಡಿಲ್ಲ. ಊರಿಂದ ಬಂದ ಕಾಗದ ಓದಿಸಲು, ರೇಷನ್ ಕಾರ್ಡಿನ ಅರ್ಜಿ ತುಂಬಿಸಲು ಅವರು ಶಾಲೆಗೇ ಬರುತ್ತಿದ್ದರು. ಪುಣೆಯ ಬಾಲಭಾರತಿ 1967ರಿಂದ ಇರುವ ಸಂಸ್ಥೆ, ಎಂಟು ಭಾಷೆಗಳಲ್ಲಿ ಪಠ್ಯಪುಸ್ತಕ ಅಚ್ಚು ಮಾಡುತ್ತದೆ, ಕನ್ನಡದ್ದೂ ಅಲ್ಲಿಂದಲೇ ಬರುತ್ತಿತ್ತು. ಪುಸ್ತಕಕ್ಕೆ ಯಾವತ್ತೂ ಕೊರತೆಯಾಗಲಿಲ್ಲ, ಮಕ್ಕಳೇ ಕಡಿಮೆಯಾದರು. ಗುಡಿಸಲು ಒಡೆದು ಕೊಳೆಗೇರಿ ಪುನರ್ವಸತಿಯ ಎಸ್‌ಆರ್‌ಎ ಕಟ್ಟಡ ಏಳುವಾಗ ಬಾಡಿಗೆಗಿದ್ದವರು ದಿಕ್ಕಾಪಾಲಾದರು. ಉಳಿದವರಿಗೂ ಇಂಗ್ಲಿಷ್ ಬೇಕಾಯಿತು. ಅವರನ್ನು ದೂರುವ ಬಾಯಿ ನನಗಿಲ್ಲ.

26 ಜುಲೈ 2005ರ ಮಹಾಮಳೆಯ ಬಗ್ಗೆ ಬರೆಯುವುದಿಲ್ಲ, ಆ ರಾತ್ರಿ ನಿನಗೂ ನೆನಪಿದೆ. ನೀರು ಇಳಿದ ಮೇಲೆ ರಿಜಿಸ್ಟರಿನ ಒದ್ದೆ ಹಾಳೆಗಳನ್ನು ಒಂದೊಂದಾಗಿ ಫ್ಯಾನಿನ ಕೆಳಗೆ ಒಣಗಿಸುವಾಗ ಆ ಹುಡುಗಿಯ ಸಾಲು ಸಿಕ್ಕಿತು. ನಾಲ್ಕನೆಯ ತರಗತಿ. ಶಾಲೆ ಬಿಟ್ಟ ಕಾರಣ: ಊರಿಗೆ ಹೋಗಿದ್ದು. ನನ್ನದೇ ಕೈಬರಹ.

ಮೊಮ್ಮಗಳಿಗೆ ಕನ್ನಡ ಕಲಿಸು. ದಿನಕ್ಕೆ ಹತ್ತು ನಿಮಿಷ ಸಾಕು, ಮೊದಲು ಸ್ವರಗಳು, ಮೊಬೈಲ್ ಕೊಡದೆ ಸ್ಲೇಟಿನ ಮೇಲೆ ತಿದ್ದಿಸು, ಕಾಗುಣಿತ ಬಾಯಿಪಾಠ ಮಾಡಿಸು. ನೋಡು, ಮತ್ತೆ ಟೀಚರ್ ಆದೆ. ನಿನಗೇ ಕಲಿಸದೆ ಈಗ ಹೇಳುತ್ತಿದ್ದೇನೆ, ಕ್ಷಮಿಸು. ನೀನು ದೊಡ್ಡ ಕೆಲಸದಲ್ಲಿದ್ದೀ ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗುವವಳೂ ನಾನೇ.

ಮೇ 1ರ ಬೆಳಿಗ್ಗೆ ಎಂಟಕ್ಕೆ ಗೇಟಿನ ಹತ್ತಿರ ಇರುತ್ತೇನೆ. ಬಿಸಿಲು ಏರುವ ಮೊದಲು ಬಾ, ತಿಂಡಿ ಕಟ್ಟಿಕೊಂಡು ಬರುತ್ತೇನೆ. ಆ ಹುಡುಗಿಯ ಹೆಸರು ನನಗೆ ನೆನಪಿದೆ. ನೀನು ಬಂದರೆ ಹೇಳುತ್ತೇನೆ.

ನಿನ್ನ ಅಮ್ಮ